ಬಲಭುಜಕ್ಕೆ ಒಂದು ಬೆರಳು ಹತ್ತಿ

ಪುಂತಾ ಅರೇನಸ್‌ನಲ್ಲಿ ಗಾಳಿ ಎದ್ದ ದಿನ
ಬೀದಿಯುದ್ದಕ್ಕೂ ಹಗ್ಗ ಕಟ್ಟುತ್ತಾರೆ.
ಹಿಡಿದುಕೊಂಡು ನಡೆಯುತ್ತೇವೆ ಎಲ್ಲರೂ,
ಪಾದ್ರಿ, ರೊಟ್ಟಿ ಮಾರುವ ಜೋರ್ಕಾ, ಬಸುರಿಯರು.
ಅವನೊಬ್ಬ ಹಗ್ಗ ಮುಟ್ಟದೆ ದಾಟಿದ,
ಟೋಪಿಯಂಚಿಗೆ ಎರಡು ಬೆರಳು ತಾಗಿಸಿ,
ಗಾಳಿ ಹಳೆಯ ಪರಿಚಯವೆಂಬಂತೆ.

ನನಗಾಗ ಹತ್ತೊಂಬತ್ತು. ತುಟಿಯ ನಡುವೆ
ಗುಂಡುಸೂಜಿ ಕಚ್ಚಿದ್ದೆ;
ಇಲ್ಲವಾದರೆ ಬಾಯಿ ಬಿಟ್ಟೇ ನಿಲ್ಲುತ್ತಿದ್ದೆ.

ತಾದೆಯೊ ಬೆಲ್ಲಾಮಾರ್.
ತೊಟ್ಟಿಲಲ್ಲಿ ಸಿಗುವ ಹೆಸರಲ್ಲ ಅದು,
ಥಾನು ಬಿಚ್ಚಿಸಿ, ಬೆಳಕಿಗೆ ಹಿಡಿದು, ಆರಿಸಿಕೊಂಡದ್ದು.
ಊರ ಬಾಯಿಗೆ ಹೊಲಿಗೆ ಹಾಕಲಾಗದು,
ದರ್ಜಿ ನಾನು, ನನಗೆ ಗೊತ್ತು:
ಲಿಸ್ಬನ್ನಿನ ಸಿರಿವಂತನೊಬ್ಬನ ಕದ್ದ ಬಸಿರು ಎಂದರು,
ಮುಳುಗಿದ ಹಡಗಿನಲ್ಲಿ ಸತ್ತವರ ಕಿಸೆ ತಡಕಿದವನೆಂದರು.
ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು
ಎಂದು ಗೊಣಗಿದ ನನ್ನ ಯಜಮಾನ ಯೆರ್ಕೋ.
ಅವನೋ, ಕಾಲು ಮೊದಲು ಚಾಚಿ
ಆಮೇಲೆ ಅಷ್ಟುದ್ದ ಹಾಸಿಗೆ ನೇಯಿಸಿಕೊಂಡವನು.

ಯೆರ್ಕೋನ ಕಣ್ಣು ಮಂಜಾಗಿತ್ತು.
ಅಳತೆಗೆ ನನ್ನನ್ನೇ ಕಳಿಸಿದ.
ಎದೆ, ಸೊಂಟ, ತೋಳು, ಎಲ್ಲ ಸರಿ.
ಬಲಭುಜ ಮಾತ್ರ ಒಂದು ಬೆರಳು ಕೆಳಗೆ.
ಮತ್ತೆ ಟೇಪು ಹಿಡಿದೆ. ಮತ್ತೆ ಒಂದು ಬೆರಳು.
ಕೊರಳ ಬುಡದಲ್ಲಿ ಕಾಸಿನಗಲ ಜಡ್ಡುಗಟ್ಟಿದ ಚರ್ಮ.
ಅಪ್ಪನಿಗಿತ್ತು ಅದು, ಅದೇ ಜಾಗದಲ್ಲಿ,
ಸ್ಪ್ಲಿತ್ ಬಂದರಿನಲ್ಲಿ ಮೂಟೆ ಹೊತ್ತ ಇಪ್ಪತ್ತು ವರ್ಷಕ್ಕೆ
ಬಂದರು ಕೊಟ್ಟ ಮುದ್ರೆ.

ಕನ್ನಡಿಯೊಳಗಿಂದ ಅವನು ನನ್ನನ್ನು ನೋಡಿದ.
ನಾನು ಟೇಪು ನೋಡಿದೆ.
"ಹತ್ತಿ ಇದೆಯೇ?" ಎಂದ.
"ಇದೆ, ಸೆನ್ಯೋರ್."
ಅಷ್ಟೇ. ಏಳು ವರ್ಷದಲ್ಲಿ ನಾವು ಆಡಿದ
ನಿಜವಾದ ಮಾತು ಅದೊಂದೇ.

ಹನ್ನೊಂದು ಕೋಟು ಹೊಲಿದೆ.
ಗಾಜಿನ ಮನೆ ಕಟ್ಟಿಸಿದ, ಹಿಮದ ನಡುವೆ
ಕಿತ್ತಳೆ ಗಿಡ ಬೆಳೆಸಿದ,
ಉಣ್ಣೆಯ ದೊರೆಗಳು ಅವನ ದೀಪದ ಕೆಳಗೆ ಕುಣಿದರು,
ನನ್ನ ಹತ್ತಿಯ ಮೇಲೆ ಕೈಯಿಟ್ಟು
ಗೆಳೆಯಾ ಎಂದರು.

ಒಂದು ರಾತ್ರಿ ಕೋಟು ತಲುಪಿಸಲು ಹೋದೆ.
ಹನ್ನೆರಡು ಜನರ ಮೇಜಿಗೆ ಅವನೊಬ್ಬನೇ.
ಚಾಕು, ಮುಳ್ಳುಚಮಚ. ಕೈ ತಾಗಿಸದೆ
ಕಿತ್ತಳೆ ಸುಲಿಯುವುದನ್ನು ಕಲಿಯುತ್ತಿದ್ದ.
ನೆಲದ ಮೇಲೆ ಸೋತ ಹಣ್ಣು ಹದಿನೇಳು, ಎಣಿಸಿದೆ.
ನೀವಾದರೆ ನಗುತ್ತಿದ್ದಿರಿ.
ನಾನು ಹರಕು ಬಟ್ಟೆಯ ಮೇಲೆ ನಾನೂರು ಸಲ
ಕಾಜಾ ಹಾಕಿ ಕಲಿತವನು.
ಬಾಗಿಲು ಸದ್ದಾಗದಂತೆ ಹಿಂದೆ ಸರಿದೆ,
ಗುಡಿಯಿಂದ ಸರಿಯುವವರ ಹಾಗೆ,
ಬೆನ್ನು ತೋರಿಸದೆ.

ಯಾರಿಗಾಗಿ ಅಷ್ಟೆಲ್ಲ? ಒಬ್ಬಳಿದ್ದಳೆಂದು ಕೇಳಿದ್ದೇನೆ.
ಇರಲಿ. ಅವಳ ಅಳತೆ ನನ್ನ ಪುಸ್ತಕದಲ್ಲಿಲ್ಲ.

ಹದಿನಾಲ್ಕನೆಯ ಇಸವಿ. ಮೇಲೆಲ್ಲೋ ಪನಾಮಾದಲ್ಲಿ
ನೆಲ ಸೀಳಿ ನೀರು ಬಿಟ್ಟರು.
ಜಗತ್ತಿನ ಹಡಗುಗಳೆಲ್ಲ ಒಳದಾರಿ ಹಿಡಿದವು.
ನಮ್ಮ ಜಲಸಂಧಿಯಲ್ಲಿ ಉಳಿದದ್ದು ಗಾಳಿ.
ಮೊದಲು ದೀಪ ಹೋಯಿತು, ಆಮೇಲೆ ಮೇಜು,
ಕಿತ್ತಳೆ ಗಿಡ ಒಲೆಗೆ.

ಕೊನೆಯ ಸಲ ಅಂಗಡಿಗೆ ಅವನೇ ಬಂದ.
ಮುಂಗಡವೆಂದು ತೋಳಗುಂಡಿ ಬಿಚ್ಚಿಟ್ಟ.
"ಒಂದು ಕೋಟು. ಹತ್ತಿ ಬೇಡ" ಎಂದ.
ಆ ಸಂಜೆ ಗಾಳಿಯಲ್ಲಿ ನಡೆದು ಹೋದ;
ಹಗ್ಗ ಹಿಡಿದನೇ ಇಲ್ಲವೇ,
ನೋಡಲೆಂದು ಕಿಟಕಿಗೆ ಹೋಗಲಿಲ್ಲ ನಾನು.

ಕೋಟು ಒಯ್ಯಲು ಬರಲಿಲ್ಲ.
ಈಗ ಅಂಗಡಿ ನನ್ನದು. ಅದು ಗೂಟದಲ್ಲಿದೆ,
ಕಪ್ಪು ಉಣ್ಣೆ, ರೇಷ್ಮೆಯ ಒಳಪದರ,
ಬಲಭುಜ ಒಂದು ಬೆರಳು ಇಳಿದಿದೆ.
ಹೊಸಬರು ಕಣ್ಣು ಕಿರಿದು ಮಾಡಿ ಕೇಳುತ್ತಾರೆ,
ಇದೇಕೆ ಹೀಗೆ?

ನಲವತ್ತು ವರ್ಷದಲ್ಲಿ ಒಂದು ದಾರ ತಪ್ಪದ ಕೈ ಇದು.
ಆದರೂ ಹೇಳುತ್ತೇನೆ:
ಹುಡುಗ ನಾನಾಗ,
ಕತ್ತರಿಸುವಾಗ ತಪ್ಪಿತು.